ಎರಡು ನೀರು ಕಂಡ ಕಲ್ಲು

ಕಾರ್ಬನೇಷಿಯಸ್, ಅಂದರೆ ಇಂಗಾಲದ ಅಂಶವಿರುವ, ಉಲ್ಕಾಶಿಲೆ ಕೈಗೆ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು. ಈ ಕಲ್ಲು ನೀರು ಕಂಡಿದೆಯೇ? ಎಷ್ಟು ಕಂಡಿದೆ? ಅಂಟಾರ್ಕ್ಟಿಕಾದ ಕಲ್ಲಾದರೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಎಲ್ಲಿಯ ನೀರು? ಸುಮಾರು 456 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹದ ಹೊಟ್ಟೆಯೊಳಗೆ ಕರಗಿದ ಹಿಮದ ನೀರೋ? ಇಲ್ಲಾ ಭೂಮಿಗೆ ಬಿದ್ದ ಮೇಲೆ ದಕ್ಷಿಣ ಧ್ರುವದ ಬೇಸಿಗೆಯಲ್ಲಿ ಸುತ್ತಲಿನ ಮಂಜು ಕರಗಿ ಒಳಗಿಳಿದ ನೀರೋ? ಇವೆರಡನ್ನೂ ಬೇರೆ ಮಾಡದೆ ಕಲ್ಲಿಗೆ ಗುಂಪು ಹೇಳಲು ಹೋಗಬಾರದು. ಒಂದು ಪುಟ್ಟ ಕಲ್ಲಿನ ವರ್ಗೀಕರಣ ನನ್ನ ಪಾಲಿಗೆ ಬಂದಾಗ ಈ ಮಾತು ನನಗೆ ಪೂರ್ತಿ ಮನವರಿಕೆಯಾಯಿತು. ಆ ಕೆಲಸ ಹೇಗೆ ನಡೆಯಿತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಕಲ್ಲು ದೊಡ್ಡದೇನಲ್ಲ. ಹತ್ತು ಗ್ರಾಮಿಗೂ ಕಡಿಮೆ ತೂಕ, ಉದ್ದ ಎರಡು ಸೆಂಟಿಮೀಟರ್ ಚಿಲ್ಲರೆ. ಟ್ರಾನ್ಸ್‌ಅಂಟಾರ್ಕ್ಟಿಕ್ ಪರ್ವತಗಳ ಬದಿಯ ನೀಲಿ ಮಂಜಿನ ಬಯಲಿನಲ್ಲಿ ಸಿಕ್ಕಿದ್ದು. ಹೆಕ್ಕಿದವರು ಬೇರೆಯವರು. ನನ್ನ ಕೆಲಸ ಶುರುವಾಗುವುದು ಲ್ಯಾಬಿನಲ್ಲಿ.

ಅಲ್ಲೇ ಏಕೆ ಇಷ್ಟೊಂದು ಉಲ್ಕಾಶಿಲೆಗಳು ಸಿಗುತ್ತವೆ ಎಂದು ತುಂಬಾ ಜನ ಕೇಳುತ್ತಾರೆ. ಅಲ್ಲಿ ಜಾಸ್ತಿ ಬೀಳುತ್ತವೆ ಅಂತಲ್ಲ. ಬಿದ್ದ ಕಲ್ಲುಗಳು ಹಿಮದಲ್ಲಿ ಹೂತು, ಮಂಜುಗಡ್ಡೆಯ ಜೊತೆ ನಿಧಾನವಾಗಿ ಕರಾವಳಿಯ ಕಡೆ ಸಾಗುತ್ತವೆ. ದಾರಿಯಲ್ಲಿ ಬೆಟ್ಟ ಅಡ್ಡ ಬಂದರೆ ಮಂಜು ಅಲ್ಲಿ ನಿಂತು ಮೇಲಕ್ಕೇಳುತ್ತದೆ. ಒಣ ಗಾಳಿ ಆ ಮಂಜನ್ನು ವರ್ಷ ವರ್ಷವೂ ಸವೆಸುತ್ತದೆ. ಕಲ್ಲು ಮಾತ್ರ ಉಳಿಯುತ್ತದೆ. 1969ರಲ್ಲಿ ಜಪಾನಿನ ತಂಡ ಯಮಾಟೊ ಬೆಟ್ಟಗಳ ಹತ್ತಿರ ಒಂಬತ್ತು ಉಲ್ಕಾಶಿಲೆ ಕಂಡಿತು. ಅವು ಬೇರೆ ಬೇರೆ ಬಗೆಯವಾಗಿದ್ದವು. ಅಂದರೆ ಒಂದೇ ಕಲ್ಲು ಒಡೆದು ಚೆದುರಿದ್ದಲ್ಲ, ಬೇರೆ ಬೇರೆ ಕಾಲದಲ್ಲಿ ಬಿದ್ದವು ಒಂದೆಡೆ ಸೇರಿವೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಯಾಸಿಡಿ ಇದರ ಮಹತ್ವ ಅರಿತು 1976ರಲ್ಲಿ ಅಮೆರಿಕದ ಹುಡುಕಾಟ ಶುರು ಮಾಡಿದರು. ಇಂದು ಜಗತ್ತಿನಲ್ಲಿ ಸಿಕ್ಕಿರುವ ಉಲ್ಕಾಶಿಲೆಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಅಂಟಾರ್ಕ್ಟಿಕಾದವು.

ಅಲ್ಲಿ ಕಲ್ಲನ್ನು ಕೈಯಿಂದ ಮುಟ್ಟುವುದಿಲ್ಲ. ಚಿಮಟದಲ್ಲಿ ಹಿಡಿದು ಶುದ್ಧ ಚೀಲಕ್ಕೆ ಹಾಕುತ್ತಾರೆ, ನಂಬರ್ ಕೊಡುತ್ತಾರೆ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುತ್ತಾರೆ. ಆಮೇಲೆ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಹಡಗಿನಲ್ಲಿ ಸಾಗಿಸುತ್ತಾರೆ. ಅಮೆರಿಕದ ಕಲ್ಲುಗಳು ಹ್ಯೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ಒಣ ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಅವನ್ನು ಮೆಲ್ಲಗೆ ಬೆಚ್ಚಗೆ ಮಾಡುತ್ತಾರೆ. ಅಂಟಿಕೊಂಡ ಮಂಜು ಕಲ್ಲಿನೊಳಗೆ ನೀರಾಗಿ ಇಳಿಯದೆ ಹೊರಟು ಹೋಗಲಿ ಎಂದು ಈ ಏರ್ಪಾಡು. ನಮ್ಮ ಕಲ್ಲೂ ಇಂಥದೇ ಎಚ್ಚರಿಕೆಯಲ್ಲಿ ಬಂದದ್ದು. ಈ ಹಂತವನ್ನು ಯಾರೂ ಹೊಗಳುವುದಿಲ್ಲ. ಆದರೆ ಇಲ್ಲಿ ಹದ ತಪ್ಪಿದರೆ ಮುಂದೆ ಮೈಕ್ರೋಸ್ಕೋಪಿನಲ್ಲಿ ಕಾಣುವ ತುಕ್ಕು ಅಂಟಾರ್ಕ್ಟಿಕಾದ್ದೋ ನಮ್ಮ ಗೋದಾಮಿನದ್ದೋ ಎಂದು ಹೇಳುವವರೇ ಇರುವುದಿಲ್ಲ.

ಕಲ್ಲು ಒಡೆಯುವ ಮುಂಚೆ ಹೊರಗಿನಿಂದ ನೋಡಿ ಬರೆದುಕೊಳ್ಳಬೇಕು. ವಾತಾವರಣದಲ್ಲಿ ಹಾದು ಬರುವಾಗ ಮೇಲ್ಮೈ ಕರಗಿ ಕಪ್ಪು ಸಿಪ್ಪೆ ಕಟ್ಟುತ್ತದೆ. ನಮ್ಮ ಕಲ್ಲಿನ ಅರ್ಧದಷ್ಟು ಭಾಗದಲ್ಲಿ ಆ ಸಿಪ್ಪೆ ಉಳಿದಿತ್ತು. ಅದರಲ್ಲಿ ಬಹುಭುಜದ ಆಕಾರದ ಸಣ್ಣ ಬಿರುಕುಗಳಿದ್ದವು. ಉಳಿದ ಭಾಗ ಒಡೆದ ಮುಖ: ಮಂಕಾದ ಕಪ್ಪು, ಅಲ್ಲಲ್ಲಿ ಬೂದು ಬಣ್ಣದ ತುಣುಕುಗಳು, ಎರಡು ಕಡೆ ಕಂದು ಕಲೆ, ಒಂದು ಬಿರುಕಿನ ಬಾಯಲ್ಲಿ ಬಿಳಿ ಪುಡಿ. ಅಂಟಾರ್ಕ್ಟಿಕಾದ ಕಲ್ಲುಗಳ ಹವಾಮಾನದ ಹಾನಿಗೆ ಎ, ಬಿ, ಸಿ ಎಂಬ ದರ್ಜೆಗಳಿವೆ. ಎ ಅಂದರೆ ತುಕ್ಕು ಕಡಿಮೆ, ಸಿ ಅಂದರೆ ತೀವ್ರ. ಬಿಳಿ ಲವಣ ಕಣ್ಣಿಗೇ ಕಂಡರೆ ಜೊತೆಗೆ ಸಣ್ಣ ಇ ಸೇರಿಸುತ್ತಾರೆ. ನಾನು ಬಿಇ ಎಂದು ಬರೆದೆ.

ಈ ಹಂತದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಉಲ್ಕಾಶಿಲೆ ಇರಬಹುದು ಅನ್ನಿಸಿದ ಕಲ್ಲಿಗೆ ಅಯಸ್ಕಾಂತ ತಾಗಿಸಿ ನೋಡುವ ರೂಢಿ ಎಲ್ಲೆಡೆ ಇದೆ. ದಯವಿಟ್ಟು ಮಾಡಬೇಡಿ. ಕಲ್ಲಿನಲ್ಲಿರುವ ಹಳೆಯ ಕಾಂತೀಯ ಗುರುತು, ಸೌರವ್ಯೂಹ ಹುಟ್ಟುವ ಕಾಲದ್ದೂ ಇರಬಹುದಾದದ್ದು, ಆ ಒಂದು ತಾಗುವಿಕೆಯಿಂದ ಅಳಿಸಿ ಹೋಗುತ್ತದೆ. ಕಾಂತೀಯತೆ ಅಳೆಯಲು ಹಾನಿ ಮಾಡದ ದುರ್ಬಲ ಕ್ಷೇತ್ರದ ಸಾಧನಗಳಿವೆ. ಅಷ್ಟು ಸಾಕು.

ಆಮೇಲೆ ಚೂರು ತೆಗೆಯುವ ಕೆಲಸ. ಇಷ್ಟು ಚಿಕ್ಕ ಕಲ್ಲಿನಲ್ಲಿ ಎಲ್ಲಿಂದ ತೆಗೆಯಬೇಕು ಎಂದು ನಾವು ಬಹಳ ಚರ್ಚೆ ಮಾಡಿದೆವು. ಸಿಪ್ಪೆಯಿಂದ ಒಳಗಿನ ತನಕ ಒಂದೇ ತುಂಡಿನಲ್ಲಿ ಸಿಗುವ ಜಾಗ ಬೇಕು ಎಂದು ನಾನು ಹಟ ಹಿಡಿದೆ. ಹೊರಗಿನ ನೀರು ಎಷ್ಟು ಆಳ ಇಳಿದಿದೆ ಎಂದು ಗೊತ್ತಾಗುವುದು ಹಾಗೆ ಕತ್ತರಿಸಿದಾಗ ಮಾತ್ರ. ನಮ್ಮ ಮೇಲ್ವಿಚಾರಕರು ಒಪ್ಪಿದರು. ಆ ಚೂರನ್ನು ಅಂಟಿನಲ್ಲಿ ಅದ್ದಿ ಗಟ್ಟಿ ಮಾಡಿ, ಗಾಜಿನ ಮೇಲೆ ಕೂರಿಸಿ, 30 ಮೈಕ್ರೋಮೀಟರ್ ದಪ್ಪಕ್ಕೆ ಉಜ್ಜಿ ತೆಳುಪದರ ಮಾಡಿದರು. ಮಾಮೂಲಿ ಕಲ್ಲನ್ನು ನೀರು ಹಾಕಿ ಉಜ್ಜುತ್ತಾರೆ. ಇದಕ್ಕೆ ನೀರು ತಾಗಿಸುವಂತಿಲ್ಲ. ಲವಣ ಕರಗುತ್ತದೆ, ಜೇಡಿ ಖನಿಜ ಉಬ್ಬುತ್ತದೆ, ಪದರ ಕಿತ್ತು ಬರುತ್ತದೆ. ನೀರಿನ ಬದಲು ಆಲ್ಕೋಹಾಲ್ ಬಳಸಿ ನಿಧಾನವಾಗಿ ಉಜ್ಜಿದರು. ಈ ಕೆಲಸ ಮಾಡುವ ತಂತ್ರಜ್ಞರ ಕೈ ಚಳಕದ ಮೇಲೆ ಮುಂದಿನ ಎಲ್ಲವೂ ನಿಂತಿದೆ.

ಮೈಕ್ರೋಸ್ಕೋಪಿನಲ್ಲಿ ಮೊದಲ ನೋಟಕ್ಕೇ ಒಂದಷ್ಟು ತಿಳಿಯಿತು. ರಾಗಿ ಮುದ್ದೆಯಲ್ಲಿ ಅಕ್ಕಿ ನುಚ್ಚು ಸಿಕ್ಕಿಕೊಂಡ ಹಾಗೆ, ಕಪ್ಪು ಪುಡಿಯಂಥ ಮ್ಯಾಟ್ರಿಕ್ಸಿನೊಳಗೆ ತಿಳಿ ಬಣ್ಣದ ಪುಟ್ಟ ಗುಂಡುಗಳು ಕೂತಿದ್ದವು. ಈ ಗುಂಡುಗಳಿಗೆ ಕಾಂಡ್ರೂಲ್ ಎನ್ನುತ್ತಾರೆ. ಗ್ರಹಗಳು ಹುಟ್ಟುವ ಮೊದಲು ಬಾಹ್ಯಾಕಾಶದಲ್ಲಿ ತೇಲುತ್ತಾ ಕರಗಿ ತಣಿದ ಶಿಲಾ ಹನಿಗಳು ಇವು. ಹೆಚ್ಚಿನವು ಆಲಿವಿನ್ ಮತ್ತು ಪೈರಾಕ್ಸೀನ್ ಖನಿಜಗಳಿಂದ ಆಗಿವೆ. ಆಲಿವಿನ್‌ನಲ್ಲಿ ಕಬ್ಬಿಣ ಅತಿ ಕಡಿಮೆ ಇದ್ದದ್ದರಿಂದ ಅದು ಸ್ವಚ್ಛವಾಗಿ ಕಂಡಿತು.

ಮುಂದೆ ತೆಳುಪದರಕ್ಕೆ ಕಾರ್ಬನ್ ಲೇಪಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಾಕಿ ಧಾತುಗಳ ನಕ್ಷೆ ತೆಗೆದೆವು. ಮೆಗ್ನೀಸಿಯಂಗೆ ಕೆಂಪು, ಕ್ಯಾಲ್ಸಿಯಂಗೆ ಹಸಿರು, ಅಲ್ಯೂಮಿನಿಯಂಗೆ ನೀಲಿ ಕೊಡುವುದು ಈ ಕೆಲಸದಲ್ಲಿ ರೂಢಿ. ಹಾಗೆ ಮಾಡಿದರೆ ಕಾಂಡ್ರೂಲ್‌ಗಳು ಕೆಂಪಗೆ ಎದ್ದು ಕಾಣುತ್ತವೆ. ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ತುಂಬಿದ ಸೇರ್ಪಡೆಗಳು ನೀಲಿ, ನೇರಳೆ. ಸೌರವ್ಯೂಹದ ಅತಿ ಹಳೆಯ ಘನವಸ್ತುಗಳೆಂದರೆ ಇವೇ, 456.7 ಕೋಟಿ ವರ್ಷ ವಯಸ್ಸಿನವು. ನೀರಿನಿಂದ ಹುಟ್ಟುವ ಕ್ಯಾಲ್ಸೈಟ್ ಎಂಬ ಕಾರ್ಬನೇಟ್ ಖನಿಜ ಇದ್ದರೆ ಅದು ಬರೀ ಹಸಿರು. ನಮ್ಮ ನಕ್ಷೆಯಲ್ಲಿ ಹಸಿರು ಚುಕ್ಕೆಗಳು ಹರಡಿಕೊಂಡಿದ್ದವು, ಆದರೆ ಎಲ್ಲ ಕಡೆ ಸಮನಾಗಿ ಅಲ್ಲ. ಒಂದು ಮೂಲೆಯಲ್ಲಿ ಬಹಳ, ಇನ್ನೊಂದು ಮೂಲೆಯಲ್ಲಿ ಹೆಚ್ಚುಕಡಿಮೆ ಇಲ್ಲ. ಆ ನಕ್ಷೆ ನೋಡುತ್ತಾ ನಾನು ಎಷ್ಟು ಹೊತ್ತು ಕೂತಿದ್ದೆ ಎಂದು ಹೇಳಲಾರೆ.

ಈಗ ಗುಂಪಿನ ವಿಷಯ. ಇಂಥ ಉಲ್ಕಾಶಿಲೆಗಳಿಗೆ ಕಾರ್ಬನೇಷಿಯಸ್ ಕಾಂಡ್ರೈಟ್ ಎನ್ನುತ್ತಾರೆ, ಅವುಗಳಲ್ಲಿ ಹಲವು ಗುಂಪುಗಳಿವೆ. ಹೆಚ್ಚಿನ ಗುಂಪುಗಳಿಗೆ ಸಿ ಜೊತೆಗೆ ಒಂದು ಮಾದರಿ ಕಲ್ಲಿನ ಊರಿನ ಮೊದಲಕ್ಷರ. ಸಿಎಂ ಬಂದದ್ದು ಉಕ್ರೇನಿನ ಮಿಗೈಯಿಂದ, ಸಿಓ ಫ್ರಾನ್ಸಿನ ಒರ್ನಾನ್‌ನಿಂದ, ಸಿವಿ ಇಟಲಿಯ ವಿಗರಾನೋದಿಂದ. ಸಿವಿಯ ಕಾಂಡ್ರೂಲ್‌ಗಳು ಸುಮಾರು ಒಂದು ಮಿಲಿಮೀಟರ್ ಇರುತ್ತವೆ, ನಮ್ಮವು ಅದಕ್ಕಿಂತ ಬಹಳ ಚಿಕ್ಕವು. ಸಿಐ ಗುಂಪಿನಲ್ಲಿ ಕಾಂಡ್ರೂಲ್ ಇರುವುದೇ ಇಲ್ಲ ಎನ್ನಬಹುದು. ಹೀಗೆ ಬಿಡುತ್ತಾ ಬಂದರೆ ಉಳಿದದ್ದು ಸಿಎಂ ಮತ್ತು ಸಿಓ.

ಇವೆರಡು ಅಕ್ಕಪಕ್ಕದ ಮನೆಯವರು. ಸಿಎಂ ಕಾಂಡ್ರೂಲ್‌ಗಳ ಸರಾಸರಿ ಅಡ್ಡಳತೆ ಸುಮಾರು 0.3 ಮಿಲಿಮೀಟರ್, ಸಿಓದಲ್ಲಿ 0.15. ಸಿಎಂನಲ್ಲಿ ಮ್ಯಾಟ್ರಿಕ್ಸ್ ಶೇಕಡಾ 70ರ ಹತ್ತಿರ, ಸಿಓದಲ್ಲಿ ಮೂರನೇ ಒಂದು ಭಾಗದಷ್ಟು. ಕಾಗದದ ಮೇಲೆ ಇದು ಸಲೀಸು. ಆದರೆ ಪುಟ್ಟ ತೆಳುಪದರದಲ್ಲಿ ಸಿಗುವುದು ಕೆಲವೇ ಕೆಲವು ಪೂರ್ತಿ ಕಾಂಡ್ರೂಲ್‌ಗಳು. ನಕ್ಷೆಯ ಒಂದು ಭಾಗ ಮಾತ್ರ ನೋಡಿದ್ದರೆ ನಾನು ಸಿಓ ಎಂದೇ ಬರೆಯುತ್ತಿದ್ದೆನೇನೋ, ಅಷ್ಟು ಒಣಗಿ, ಅಷ್ಟು ಒತ್ತೊತ್ತಾಗಿ ಕಾಣುತ್ತಿತ್ತು. ಈ ಗೊಂದಲ ನಮ್ಮ ಕಲ್ಲಿಗೆ ಮಾತ್ರ ಬಂದದ್ದಲ್ಲ. 2012-13ರಲ್ಲಿ ಜಪಾನ್ ಮತ್ತು ಬೆಲ್ಜಿಯಂ ತಂಡ ನಾನ್ಸೆನ್ ಮಂಜಿನ ಬಯಲಿನಲ್ಲಿ ಹೆಕ್ಕಿದ ಅಸುಕಾ 12169 ಎಂಬ ಕಲ್ಲಿದೆ. ಅದು ಸಿಎಂ ಗುಂಪಿನದೇ, ಆದರೆ ನೀರಿನ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ. 2020ರಲ್ಲಿ ಅದಕ್ಕೆ 3.0 ಎಂಬ ದರ್ಜೆ ಕೊಟ್ಟರು. ಅಂಥ ಕಲ್ಲುಗಳು ಇವೆ ಎಂದು ಗೊತ್ತಿರುವಾಗ ಒಣಗಿದ್ದೆಲ್ಲ ಸಿಓ ಎನ್ನುವ ಹಾಗಿಲ್ಲ, ಅಲ್ವಾ?

ಹಾಗಾಗಿ ಬಿಂದು ಎಣಿಕೆ ಮಾಡಿದೆ. ನಕ್ಷೆಯ ಮೇಲೆ ಜಾಲರಿ ಹಾಕಿ, ಪ್ರತಿ ಚುಕ್ಕೆಯ ಕೆಳಗೆ ಏನಿದೆ ಎಂದು ಬರೆದುಕೊಳ್ಳುತ್ತಾ ಹೋಗುವುದು. ಬೇಸರದ ಕೆಲಸ ಎಂದು ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೊಂದು ಚುಕ್ಕೆಗೂ ಉತ್ತರ ಕೊಡುವಾಗ ಕಲ್ಲನ್ನು ನಿಜವಾಗಿ ನೋಡುತ್ತೇವೆ. ಕಾಂಡ್ರೂಲ್‌ಗಳ ಸುತ್ತ ನುಣ್ಣನೆಯ ಧೂಳಿನ ಕವಚ ಇರುವುದು ನನಗೆ ಸರಿಯಾಗಿ ಕಂಡದ್ದು ಆಗಲೇ. ಇಂಥ ಕವಚ ಸಿಎಂ ಕಲ್ಲುಗಳಲ್ಲಿ ಸಾಮಾನ್ಯ. ಕವಚವನ್ನೂ ಒಳಗೊಂಡು ಮ್ಯಾಟ್ರಿಕ್ಸಿನ ಲೆಕ್ಕ ಅರ್ಧಕ್ಕಿಂತ ಸಾಕಷ್ಟು ಮೇಲೆ ಹೋಯಿತು.

ಇನ್ನೂ ಗಟ್ಟಿ ಸಾಕ್ಷಿ ಟೋಚಿಲಿನೈಟ್ ಮತ್ತು ಕ್ರೋನ್‌ಸ್ಟೆಡ್ಟೈಟ್ ಹೆಣೆದುಕೊಂಡ ಗಡ್ಡೆಗಳು. ಮೊದಲನೆಯದು ಗಂಧಕ ಮತ್ತು ಕಬ್ಬಿಣದ ಪದರ ಖನಿಜ, ಎರಡನೆಯದು ಕಬ್ಬಿಣ ತುಂಬಿದ ಸರ್ಪೆಂಟೀನ್, ಅಂದರೆ ನೀರು ತಾಗಿ ಹುಟ್ಟುವ ಒಂದು ಬಗೆಯ ಪದರ ಖನಿಜ. ಎರಡರ ರಚನೆಯಲ್ಲೂ ನೀರಿನ ಅಂಶ ಇದೆ. ಇವು ಜೊತೆಯಾಗಿ ಸಿಗುವುದು ಸಿಎಂ ಗುಂಪಿನ ಗುರುತು. ಟೋಚಿಲಿನೈಟ್ ಚೆನ್ನಾಗಿ ಉಳಿದಿದೆ ಎಂದರೆ ಕಲ್ಲು ಆಮೇಲೆ ಜೋರಾಗಿ ಬಿಸಿಯಾಗಿಲ್ಲ ಎಂದೂ ಅರ್ಥ. ಖನಿಜದ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಪ್ರೋಬ್‌ನಲ್ಲಿ ಮ್ಯಾಟ್ರಿಕ್ಸ್ ಅಳೆದಾಗ ಎಲ್ಲ ಆಕ್ಸೈಡ್‌ಗಳನ್ನು ಕೂಡಿದರೂ ಮೊತ್ತ 100 ಮುಟ್ಟಲಿಲ್ಲ, 80ರ ಮೇಲೆ ಎಲ್ಲೋ ನಿಂತಿತು. ಯಂತ್ರ ಕೆಟ್ಟಿಲ್ಲ. ಖನಿಜದೊಳಗಿನ ನೀರು, ಸಾವಯವ ವಸ್ತು, ಸಣ್ಣ ರಂಧ್ರಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಆ ಕೊರತೆಯೇ ಒಂದು ಮಾಹಿತಿ.

ಅಷ್ಟು ಹೊತ್ತಿಗೆ ಮೊದಲ ಪ್ರಶ್ನೆ ಮತ್ತೆ ಎದುರಿಗೆ ಬಂತು: ಎಲ್ಲಿಯ ನೀರು?

ಕಪ್ಪು ಕಲ್ಲು ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಗಾಳಿ ಸೊನ್ನೆಗಿಂತ ಕೆಳಗಿದ್ದರೂ ಕಲ್ಲಿನ ಸುತ್ತ ಮಂಜು ಕರಗಬಹುದು. ಆ ನೀರು ಬಿರುಕಿನಲ್ಲಿ ಇಳಿದು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ಮೆಗ್ನೀಸಿಯಂ ಕರಗಿಸಿ ಮೇಲೆ ತಂದು ಬಿಳಿ ಲವಣವಾಗಿ ಬಿಡುತ್ತದೆ. ಲೂಯಿಸ್ ಕ್ಲಿಫ್ 85320 ಎಂಬ ಅಂಟಾರ್ಕ್ಟಿಕ ಉಲ್ಕಾಶಿಲೆಯ ಮೇಲೆ ಬೆಳೆದ ಬಿಳಿ ಕಾರ್ಬನೇಟನ್ನು ಕಾರ್ಬನ್-14ರಿಂದ ಪರೀಕ್ಷಿಸಿದಾಗ ಅದು ಕೆಲವೇ ದಶಕಗಳಲ್ಲಿ ಬೆಳೆದದ್ದು ಎಂದು 1988ರಲ್ಲಿ ತಿಳಿಯಿತು. ಫ್ರಾನ್ಸಿನಲ್ಲಿ 1864ರಲ್ಲಿ ಬಿದ್ದ ಒರ್ಗೇಯ್ ಕಲ್ಲಿನ ಕಥೆ ಇನ್ನೂ ಎಚ್ಚರ ಹುಟ್ಟಿಸುತ್ತದೆ. ಅದರ ಬಿಳಿ ಸಲ್ಫೇಟ್ ನಾಳಗಳನ್ನು ಕ್ಷುದ್ರಗ್ರಹದ ನೀರಿನ ಸಾಕ್ಷಿ ಎಂದೇ ಓದುತ್ತಿದ್ದರು. ಅವು ಭೂಮಿಯ ಮೇಲೆ, ಕಲ್ಲನ್ನು ಕಾಪಿಟ್ಟ ಕಾಲದಲ್ಲಿ ಗಾಳಿಯ ತೇವದಿಂದ ಆದವು ಎಂದು 2001ರಲ್ಲಿ ಗುನೆಲ್ ಮತ್ತು ಝೊಲೆನ್‌ಸ್ಕಿ ವಾದಿಸಿದರು.

ಎರಡು ನೀರನ್ನು ಬೇರೆ ಮಾಡಲು ನಮಗೆ ಅತಿ ಹೆಚ್ಚು ನೆರವಾದದ್ದು ದುಬಾರಿ ಯಂತ್ರವಲ್ಲ, ಯಾವುದು ಯಾವುದನ್ನು ಕತ್ತರಿಸಿದೆ ಎಂದು ನೋಡುವ ಹಳೆಯ ಭೂವಿಜ್ಞಾನದ ಕ್ರಮ. ಸುಟ್ಟ ಸಿಪ್ಪೆ ಹುಟ್ಟಿದ್ದು ಭೂಮಿಗೆ ಬೀಳುವ ಕೆಲವು ಸೆಕೆಂಡುಗಳಲ್ಲಿ. ಆ ಸಿಪ್ಪೆಯನ್ನು ಸೀಳಿಕೊಂಡು ಹೋದ ತುಕ್ಕಿನ ಗೆರೆ ಅದಕ್ಕಿಂತ ಈಚಿನದು, ಅಂದರೆ ಅಂಟಾರ್ಕ್ಟಿಕಾದ್ದು. ಕಂದು ಬಣ್ಣದ ಗೆರೆಗಳು ಹೀಗೇ ಇದ್ದವು. ಸಿಪ್ಪೆಯ ಹತ್ತಿರ ದಟ್ಟ, ಒಳಗೆ ಹೋದಂತೆ ತೆಳು, ಆಮೇಲೆ ಇಲ್ಲವೇ ಇಲ್ಲ. ಸಿಪ್ಪೆಯಿಂದ ಒಳಗಿನ ತನಕ ಒಂದೇ ಚೂರು ತೆಗೆದದ್ದರ ಫಲ ಇಲ್ಲಿ ಸಿಕ್ಕಿತು. ಇನ್ನೊಂದು ಕಡೆ, ಕ್ಯಾಲ್ಸೈಟ್ ಕಣಗಳ ಸುತ್ತ ಟೋಚಿಲಿನೈಟ್ ಅಂಚು ಕಟ್ಟಿಕೊಂಡಿತ್ತು. ಸರ್ಪೆಂಟೀನ್ ತುಂಬಿದ ಭಾಗ ಪಕ್ಕದ ತುಣುಕಿನ ಗಡಿ ಬಂದ ಕೂಡಲೇ ಚಾಕುವಿನಿಂದ ಕೊಯ್ದಷ್ಟು ನೇರವಾಗಿ ನಿಂತಿತ್ತು. ಭೂಮಿಯ ನೀರಾಗಿದ್ದರೆ ಹಾಗೆ ಗಡಿ ನೋಡಿ ನಿಲ್ಲುತ್ತಿರಲಿಲ್ಲ. ಈ ತುಣುಕುಗಳು ಒಂದಕ್ಕೊಂದು ಅಂಟಿಕೊಳ್ಳುವ ಮೊದಲೇ, ಕ್ಷುದ್ರಗ್ರಹದಲ್ಲಿ ಬೇರೆ ಬೇರೆ ಜಾಗದಲ್ಲಿದ್ದಾಗ, ಬೇರೆ ಬೇರೆ ಪ್ರಮಾಣದಲ್ಲಿ ನೀರು ಕಂಡಿದ್ದವು.

ಸಿಓದಂತೆ ಕಂಡ ಆ ಒಣ ಮೂಲೆಯ ಗುಟ್ಟೂ ಇದೇ. ಕಲ್ಲು ಒಂದೇ, ಆದರೆ ಒಡೆದ ಚೂರುಗಳು ಸೇರಿ ಗಟ್ಟಿಯಾದ ಬ್ರೆಕ್ಸಿಯಾ ಅದು. ನೀರು ಮೊದಲು ಕಾಂಡ್ರೂಲ್‌ನೊಳಗಿನ ಗಾಜನ್ನು ತಿನ್ನುತ್ತದೆ, ಆಮೇಲೆ ಲೋಹವನ್ನು, ಕೊನೆಗೆ ಆಲಿವಿನ್ನನ್ನು. ಒಂದು ತುಣುಕಿನಲ್ಲಿ ಲೋಹದ ಚುಕ್ಕೆಗಳು ಇನ್ನೂ ಹೊಳೆಯುತ್ತಿದ್ದವು. ಪಕ್ಕದ್ದರಲ್ಲಿ ಲೋಹ ಹೋಗಿ, ಕಾಂಡ್ರೂಲ್ ಅಂಚುಗಳೂ ಸವೆದಿದ್ದವು. 2007ರಲ್ಲಿ ಅಲನ್ ರೂಬಿನ್ ಮತ್ತು ಸಂಗಡಿಗರು ಸಿಎಂ ಕಲ್ಲುಗಳಿಗೆ 2.0ರಿಂದ 2.6ರವರೆಗೆ ಒಂದು ಮಾಪಕ ಮಾಡಿದ್ದಾರೆ. ಸಂಖ್ಯೆ ಕಡಿಮೆಯಾದಷ್ಟು ನೀರಿನ ಬದಲಾವಣೆ ಜಾಸ್ತಿ. ನಮ್ಮ ಕಲ್ಲಿಗೆ ಒಂದೇ ದಶಮಾಂಶ ಕೊಡಲು ನಾನು ಒಪ್ಪಲಿಲ್ಲ. ಸರಾಸರಿ ತೆಗೆದರೆ ಯಾವ ತುಣುಕಿಗೂ ಹೊಂದದ ಸಂಖ್ಯೆ ಬರುತ್ತದೆ. ತುಣುಕು ತುಣುಕಿಗೆ ಬೇರೆ ಬೇರೆ ವಿವರಣೆ ಬರೆದೆ.

ಆಮ್ಲಜನಕದ ಐಸೊಟೋಪ್, ಅಂದರೆ ಬೇರೆ ಬೇರೆ ಭಾರದ ಪರಮಾಣುಗಳ, ಅಳತೆ ಬೇರೆ ಲ್ಯಾಬಿನಲ್ಲಿ ಆಯಿತು. ಒಂದೆರಡು ಮಿಲಿಗ್ರಾಂ ಪುಡಿಯನ್ನು ಲೇಸರ್‌ನಿಂದ ಬಿಸಿ ಮಾಡಿ, ಫ್ಲೋರಿನ್ ಸಂಯುಕ್ತದ ಜೊತೆ ಸೇರಿಸಿ, ಬಿಡುಗಡೆಯಾದ ಆಮ್ಲಜನಕದಲ್ಲಿ 16, 17, 18 ಈ ಮೂರರ ಪ್ರಮಾಣ ನೋಡುತ್ತಾರೆ. ಪ್ರತಿ ಗುಂಪಿಗೂ ತನ್ನದೇ ಒಂದು ನೆಲೆ ಇದೆ. ಅಂಟಾರ್ಕ್ಟಿಕಾದ ಮಂಜಿನಲ್ಲಿ ಭಾರದ ಆಮ್ಲಜನಕ ಬಹಳ ಕಡಿಮೆ, ತುಕ್ಕು ಹಿಡಿದ ಭಾಗವನ್ನು ಅಳೆದರೆ ಫಲಿತಾಂಶ ವಾಲುತ್ತದೆ. ಅದಕ್ಕೇ ಸಿಪ್ಪೆಯಿಂದ ದೂರದ, ಕಲೆಯಿಲ್ಲದ ಒಳಭಾಗ ಆರಿಸಿ ಕಳಿಸಿದೆವು. ಬಂದ ಬೆಲೆಗಳು ಸಿಎಂ ಕ್ಷೇತ್ರದೊಳಗೇ ಬಿದ್ದವು, ಸಿಓಗೆ ಹತ್ತಿರದ ಬದಿಯಲ್ಲಿ.

ನಮ್ಮ ದೇಶದ ಒಂದು ಕಲ್ಲು ಈ ಕೆಲಸದುದ್ದಕ್ಕೂ ನೆನಪಿನಲ್ಲಿತ್ತು. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದ ಉಲ್ಕಾಶಿಲೆಯೂ ಸಿಎಂ2, ಅಂದರೆ ಕ್ಷುದ್ರಗ್ರಹದ ನೀರಿನಿಂದ ಬದಲಾದ ಸಿಎಂ. ಬೀಳುವುದನ್ನು ಕಂಡವರಿದ್ದರು, ಬೇಗ ಸಂಗ್ರಹಿಸಿದರು. ಅದರಲ್ಲಿ ಕ್ಷುದ್ರಗ್ರಹದ ನೀರಿನ ಬದಲಾವಣೆ ಬಹಳ ಹೆಚ್ಚು, ಭೂಮಿಯ ನೀರು ತಾಗಿದ್ದು ಅತಿ ಕಡಿಮೆ. ನಮ್ಮದು ಅದಕ್ಕೆ ತಿರುಗಾಮುರುಗಾ. ಹೊಸ ಕಲ್ಲನ್ನು ಓದುವವರು ಇಂಥ ತಾಜಾ ಕಲ್ಲುಗಳ ವಿವರಣೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಎರಡು ನೀರಿನ ವ್ಯತ್ಯಾಸ ಬೇಗ ಕಣ್ಣಿಗೆ ಹತ್ತುತ್ತದೆ.

ಕೊನೆಯ ಕೆಲಸ ಬರವಣಿಗೆ. ಉಲ್ಕಾಶಿಲೆಯ ಹೆಸರು, ಗುಂಪುಗಳನ್ನು ಮೆಟಿಯೊರಿಟಿಕಲ್ ಸೊಸೈಟಿಯ ನಾಮಕರಣ ಸಮಿತಿ ಪರಿಶೀಲಿಸಿ ಒಪ್ಪುತ್ತದೆ. ಅಂಟಾರ್ಕ್ಟಿಕಾದಲ್ಲಿ ಹೆಸರಿಡುವುದು ಸುಲಭ: ಸಿಕ್ಕಿದ ಜಾಗ, ವರ್ಷ, ಕ್ರಮಸಂಖ್ಯೆ. ವಿವರಣೆ ಹಾಗಲ್ಲ. ಕೆಲವೇ ಸಾಲುಗಳಲ್ಲಿ ಎಲ್ಲ ಹೇಳಬೇಕು: ಸಿಪ್ಪೆ ಎಷ್ಟು, ಕಾಂಡ್ರೂಲ್ ಗಾತ್ರ, ಮ್ಯಾಟ್ರಿಕ್ಸ್ ಪಾಲು, ಆಲಿವಿನ್‌ನಲ್ಲಿ ಕಬ್ಬಿಣ ಮತ್ತು ಕ್ರೋಮಿಯಂ, ಐಸೊಟೋಪ್, ಹಾನಿಯ ದರ್ಜೆ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆದೆ. ಈ ಸಾಲುಗಳನ್ನು ಓದಿಯೇ ಬೇರೆ ದೇಶದ ಯಾರೋ ಅರ್ಜಿ ಹಾಕಿ ಮಿಲಿಗ್ರಾಂ ಲೆಕ್ಕದಲ್ಲಿ ಚೂರು ಕೇಳುತ್ತಾರೆ. ವಿವರಣೆ ಸಡಿಲವಾಗಿದ್ದರೆ ಅವರಿಗೆ ಬೇಡದ ಜಾಗದ ಚೂರು ಹೋಗುತ್ತದೆ, ಕಲ್ಲು ಸುಮ್ನೆ ಕರಗುತ್ತದೆ.

ರ್ಯುಗು ಕ್ಷುದ್ರಗ್ರಹದಿಂದ 2020ರಲ್ಲಿ 5.4 ಗ್ರಾಂ, ಬೆನ್ನು ಎಂಬ ಇನ್ನೊಂದು ಕ್ಷುದ್ರಗ್ರಹದಿಂದ 2023ರಲ್ಲಿ 121.6 ಗ್ರಾಂ ನೇರವಾಗಿ ಬಂದಿರುವಾಗ ಮಂಜಿನ ಮೇಲಿನ ತುಕ್ಕು ಕಲ್ಲುಗಳು ಇನ್ನೂ ಬೇಕೇ ಎಂದು ಕೇಳಿದವರಿದ್ದಾರೆ. ಬೇಕು. ಅವು ಎರಡು ಕ್ಷುದ್ರಗ್ರಹಗಳ ಮಾದರಿ. ಅಂಟಾರ್ಕ್ಟಿಕಾ ಕೊಡುವುದು ಎಷ್ಟೋ ಬೇರೆ ಬೇರೆ ತಾಯಿ ಕಾಯಗಳ ಚೂರುಗಳನ್ನು. ಲಾಪಾಜ್ 02342 ಎಂಬ ಅಂಟಾರ್ಕ್ಟಿಕ ಕಲ್ಲಿನೊಳಗೆ ಧೂಮಕೇತುವಿನಂಥ ವಸ್ತುವಿನ ಸಣ್ಣ ತುಣುಕು ಸಿಕ್ಕಿತು, ಗಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗ. ಈ ಖಜಾನೆ ಶಾಶ್ವತವೂ ಅಲ್ಲ. ಹವೆ ಬಿಸಿಯಾದಂತೆ ಕಲ್ಲುಗಳು ಮಂಜಿನೊಳಗೆ ಇಳಿದು ಕಾಣದಾಗುತ್ತಿವೆ, ವರ್ಷಕ್ಕೆ ಸುಮಾರು 5,000 ಎಂದು 2024ರ ಒಂದು ಅಧ್ಯಯನ ಅಂದಾಜು ಮಾಡಿದೆ.

ನಮ್ಮ ಕಲ್ಲು ಈಗ ಒಣ ನೈಟ್ರೋಜನ್‌ನಲ್ಲಿದೆ. ದಾಖಲೆಯಲ್ಲಿ ಸಿಎಂ2, ಬ್ರೆಕ್ಸಿಯಾ, ಬಿಇ ಎಂದಿದೆ. ಕೇಳುವವರಿಗೆ ಅನುಕೂಲವಾಗಲೆಂದು ತುಣುಕುಗಳ ನಕ್ಷೆಯನ್ನೂ ಜೊತೆಗಿಟ್ಟಿದ್ದೇವೆ. ಸೂರ್ಯ ಹುಟ್ಟುವ ಮುಂಚಿನ ನಕ್ಷತ್ರ ಕಣಗಳನ್ನು ಹುಡುಕುವವರು ಲೋಹ ಉಳಿದಿರುವ ಆ ಒಣ ಮೂಲೆಯಿಂದ ಕೇಳಬೇಕು. ಹಳೆಯ ನೀರಿನ ಕಾಲ ತಿಳಿಯಬೇಕೆನ್ನುವವರಿಗೆ ಕ್ಯಾಲ್ಸೈಟ್ ತುಂಬಿದ ಮೂಲೆ ಸರಿ. ಮಂಜಿನ ನೀರಿನ ಅಧ್ಯಯನಕ್ಕೆ ಸಿಪ್ಪೆಯ ಬದಿ ಇದೆ. ಕ್ಯಾಲ್ಸೈಟ್ ಮೂಲೆಯ ಒಂದು ಚೂರಿಗೆ ನಾನೂ ಅರ್ಜಿ ಹಾಕಿದ್ದೇನೆ.